ಆಟಕ್ಕೆ ಕಳಿಸುವ ಮೊದಲು ಒಂದು ಮಾತು ಕೇಳು

ತಂಗೀ, ಮಗನ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ (ಬಂದೂಕು ಹಿಡಿದವರು ನುಗ್ಗಿದರೆ ಬಾಗಿಲು ಹಾಕಿಕೊಂಡು ಅಡಗಿ ಕೂರುವ ಅಭ್ಯಾಸ) ಮಾಡಿಸಿದರು, ಅವತ್ತಿಂದ ನಿದ್ದೆ ಇಲ್ಲ ಅಂತ ಬರೆದಿದ್ದೀಯ. ಈ ಬಂದೂಕಿನ ಸಾವುಗಳನ್ನು ಕಡಿಮೆ ಮಾಡೋಕೆ ಆಗಲ್ವಾ ಅಕ್ಕಾ ಅಂತಲೂ ಕೇಳಿದ್ದೀಯ. ಆಗುತ್ತದೆ. ಪೂರ್ತಿ ನಿಲ್ಲಿಸೋಕೆ ಆಗದೇ ಇರಬಹುದು, ಆದರೆ ಕಡಿಮೆ ಮಾಡಬಹುದು.

ನಾನು ಕೊಡಗಿನವಳು, ನಿನಗೆ ಗೊತ್ತಲ್ಲ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಅನ್ನುವ ಹೂವಿಟ್ಟು ಕೈಮುಗಿದ ಮನೆಯವಳು. ಹಾಗಾಗಿ ಬಂದೂಕು ಇಟ್ಟುಕೊಂಡವರೆಲ್ಲ ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಅಮೆರಿಕದಲ್ಲಿ ಅದು 1791ರಿಂದ ಸಂವಿಧಾನದಲ್ಲೇ ಇರುವ ಹಕ್ಕು. ಜನರಿಗಿಂತ ಬಂದೂಕುಗಳೇ ಜಾಸ್ತಿ. ಎಲ್ಲವನ್ನೂ ವಾಪಸ್ ತಗೊಳ್ಳಿ ಅಂದರೆ ನಡೆಯುವ ಮಾತಲ್ಲ. ತಪ್ಪು ಕೈಗೆ, ತಪ್ಪು ಹೊತ್ತಿನಲ್ಲಿ ಸಿಗದ ಹಾಗೆ ಮಾಡುವುದು ಮಾತ್ರ ನಡೆಯುತ್ತದೆ.

ನಮ್ಮ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಊರು ನೀನಿರುವ ನೋವೈಯಿಂದ ಒಂದು ಗಂಟೆ ದಾರಿಯೂ ಇಲ್ಲ. 2021ರ ನವೆಂಬರ್ 30ರಂದು ಅಲ್ಲಿನ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗ ನಾಲ್ಕು ಮಕ್ಕಳನ್ನು ಕೊಂದ. ಆ ಪಿಸ್ತೂಲನ್ನು ಅವನ ಅಪ್ಪ ನಾಲ್ಕು ದಿನ ಮೊದಲಷ್ಟೇ ತಂದಿದ್ದರು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಜೈಲಾಯಿತು. ಅದೇ ವರ್ಷ ಫೆಬ್ರವರಿಯಿಂದ ಮಿಷಿಗನ್‌ನಲ್ಲಿ ಮಕ್ಕಳಿರುವ ಮನೆಯವರು ಬಂದೂಕಿಗೆ ಬೀಗ ಹಾಕಿಡಲೇಬೇಕು ಅಂತ ಕಾನೂನು ಬಂತು. ಒಂದು ಬೀಗ, ತಂಗೀ. ಆ ಮಕ್ಕಳ ಫೋಟೋ ಮುಂದೆ ಮೇಣದಬತ್ತಿ ಹಚ್ಚುವಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಟೀವಿಯಲ್ಲಿ ಕಾಣದ ಇನ್ನೊಂದು ವಿಷಯ ಇದೆ. 2021ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾವೇ ಪ್ರಾಣ ತಗೊಂಡವರು. ಆ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಬಂದೂಕು ದೂರ ಇದ್ದರೆ ಮನುಷ್ಯ ಉಳಿಯಬಹುದು. ಅದಕ್ಕೇ ‘ರೆಡ್ ಫ್ಲ್ಯಾಗ್’ ಕಾನೂನು ನನಗೆ ಮುಖ್ಯ. ಮನೆಯವರೇ ಕೋರ್ಟಿಗೆ ಹೋಗಿ, ಇವರ ಮನಸ್ಸು ಸರಿಯಿಲ್ಲ, ಸದ್ಯಕ್ಕೆ ಬಂದೂಕು ತೆಗೆದಿಡಿ ಅಂತ ಕೇಳಬಹುದು. ಜಡ್ಜ್ ನೋಡಿ ತೀರ್ಮಾನ ಮಾಡುತ್ತಾರೆ. ಮಿಷಿಗನ್‌ನಲ್ಲಿ ಇದೂ 2024ರಿಂದ ಇದೆ. ಆದರೆ ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಮನಸ್ಸು ಕುಗ್ಗಿದವರು ಫೋನ್ ಮಾಡೋಕೆ 988 ನಂಬರ್ ಇದೆ ಅನ್ನುವುದೂ ಗೊತ್ತಿಲ್ಲ. ಫ್ರಿಜ್ ಮೇಲೆ ಬರೆದಿಡು.

ಓಟು ನಮಗೆ ಸಿಟಿಜನ್ ಆದ ಮೇಲೆ. ಅಲ್ಲಿವರೆಗೆ ಸುಮ್ನೆ ಕೂರಬೇಕಾಗಿಲ್ಲ. ಮಗನನ್ನು ಯಾರ ಮನೆಗಾದರೂ ಆಟಕ್ಕೆ ಕಳಿಸುವ ಮೊದಲು, ಅಲರ್ಜಿ ವಿಷಯ ಹೇಳುವಾಗಲೇ, ‘ನಿಮ್ಮ ಮನೆಯಲ್ಲಿ ಬಂದೂಕು ಇದೆಯಾ, ಬೀಗ ಹಾಕಿದೆಯಾ?’ ಅಂತ ಕೇಳಿಬಿಡು. ಮೊದಲ ಸಲ ನನ್ನ ಬಾಯಿ ಒಣಗಿತ್ತು. ಆ ಕಡೆಯ ತಾಯಿ ಬೇಜಾರು ಮಾಡಿಕೊಳ್ಳಲಿಲ್ಲ. ಇದೆ, ಸೇಫ್‌ನಲ್ಲಿದೆ, ಬಂದು ನೋಡಿ ಅಂದರು. ಶನಿವಾರ ನಿನ್ನ ಮಗ ಹೋಗುವ ಮನೆಗೆ ಫೋನ್ ಮಾಡುವಾಗ ಧೈರ್ಯ ಬರದಿದ್ದರೆ ನನ್ನನ್ನೂ ಲೈನಿಗೆ ಸೇರಿಸಿಕೋ.