ಮಾತ್ರೆ ನುಂಗಿದರೆ ಎದೆಹಾಲು ನಿಲ್ಲಿಸಬೇಕಾ?

ಮಗುವಿಗೆ ಮೂರು ತಿಂಗಳು, ನಿಮಗೆ ಜ್ವರ, ನೆಗಡಿ. ಮಾತ್ರೆ ನುಂಗಿದ್ದಕ್ಕೆ ಎರಡು ದಿನ ಹಾಲು ಕುಡಿಸಬೇಡ ಅಂತಾರೆ ಅತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಆದರೆ ಇದೇ ಪಾಡು ಪಟ್ಟವಳು.

ದಾವಣಗೆರೆಯ ತವರುಮನೆಯಲ್ಲಿ ಬಾಣಂತನ. ಏಪ್ರಿಲ್ ಬಿಸಿಲಲ್ಲೂ ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ. ಅದರ ನಡುವೆ ಜ್ವರ ಬಂತು. "ಮಾತ್ರೆ ನಂಜು ಹಾಲಿಗೆ ಇಳಿತೈತಿ, ಕೂಸಿಗೆ ಕುಡಿಸಬ್ಯಾಡ" ಅಂದಳು ಅವ್ವ. ಹೆದರಿ ಒಂದೂವರೆ ದಿನ ಪುಡಿ ಹಾಲು ಕೊಟ್ಟೆ. ಎರಡನೇ ರಾತ್ರಿ ಎದೆ ಕಲ್ಲಿನಂತಾಯಿತು. ಎಡಗಡೆ ಅಂಗೈ ಅಗಲ ಕೆಂಪು, ರವಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಹಾಲು ಕಟ್ಟಿತ್ತು.

ಡಾಕ್ಟರಮ್ಮ ಚೆನ್ನಾಗಿ ಬೈದರು. "ನೀನು ನುಂಗಿದ ಪ್ಯಾರಾಸಿಟಮಾಲನ್ನೇ ಮಗುವಿಗೆ ಜ್ವರ ಬಂದಾಗ ಡ್ರಾಪ್ಸ್‌ನಲ್ಲಿ ಕೊಡೋದು. ಹಾಲಲ್ಲಿ ಹೋಗೋದು ಅದಕ್ಕಿಂತ ಕಡಿಮೆ." ಆ್ಯಂಟಿಬಯೋಟಿಕ್ ಬರೆದು, ಅದೇ ಎದೆಯಿಂದಲೂ ಕುಡಿಸು ಅಂದರು. ಮಗುವಿಗೆ ಎರಡು ದಿನ ಸ್ವಲ್ಪ ತೆಳ್ಳಗೆ ಭೇದಿಯಾಯಿತು, ಅಷ್ಟೇ.

ಮೈಕೈ ನೋವಿಗೆ ಐಬುಪ್ರೊಫೆನ್ ಕೂಡ ಹಾಲಿಗೆ ಬಹಳ ಕಡಿಮೆ ಸೇರುತ್ತದೆ. ನೋಡಬೇಕಾದ್ದು ನೆಗಡಿ ಮಾತ್ರೆಯನ್ನು. ಒಂದೇ ಮಾತ್ರೆಯಲ್ಲಿ ಮೂರ್ನಾಲ್ಕು ಔಷಧಿ ಇರುತ್ತವೆ, ಸ್ಟ್ರಿಪ್ ಹಿಂದೆ ತಿರುಗಿಸಿ ಓದಿ. ಸ್ಯೂಡೋಎಫೆಡ್ರಿನ್ ಇದ್ದರೆ ಹಾಲೇ ಕಡಿಮೆಯಾಗಬಹುದು. ಕ್ಲೋರ್‌ಫೆನಿರಮೈನ್ ಇದ್ದರೆ ನಿಮಗೆ ಬರುವ ತೂಕಡಿಕೆ ಮಗುವಿಗೂ ಬರಬಹುದು. ಕೋಡೀನ್ ಇರುವ ಕೆಮ್ಮಿನ ಸಿರಪ್ ಬೇಡವೇ ಬೇಡ. ಹಾಲಲ್ಲಿ ಹೋಗಿ ಕೆಲವು ಮಕ್ಕಳ ಉಸಿರಾಟಕ್ಕೇ ತೊಂದರೆ ಕೊಡುತ್ತದೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಹಾಲುಣಿಸುವವರಿಗೆ ಬೇಡ ಅಂದಿದೆ. ನೋವಿಗೆ ಆಸ್ಪಿರಿನ್ ಕೂಡ ಬೇಡ.

ಮೆಡಿಕಲ್ ಶಾಪಿನಲ್ಲಿ "ನೆಗಡಿಗೆ ಒಂದು ಕೊಡಿ" ಅಂದರೆ ಸುಮ್ನೆ ಕೊಟ್ಟುಬಿಡುತ್ತಾರೆ. ಹಾಲು ಕುಡಿಸ್ತಿದೀನಿ ಅಂತ ಮೊದಲೇ ಹೇಳಿ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಡಾಕ್ಟರನ್ನು ಕೇಳದೆ ಏನೂ ಬೇಡ. ಥೈರಾಯ್ಡ್, ಬಿಪಿ, ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಹಾಲಿಗೆ ಹೆದರಿ ನೀವೇ ನಿಲ್ಲಿಸಬೇಡಿ. ಕ್ಯಾನ್ಸರ್ ಔಷಧಿಯಂಥ ಕೆಲವಕ್ಕೆ ಹಾಲು ನಿಲ್ಲಿಸಲೇಬೇಕಾಗುತ್ತದೆ ನಿಜ, ಆದರೆ ಅದನ್ನು ಡಾಕ್ಟರೇ ಹೇಳುತ್ತಾರೆ.

ನೀವು ನುಂಗಿದ್ದು ಬರೀ ಪ್ಯಾರಾಸಿಟಮಾಲ್ ಆದರೆ ಈಗಲೇ ಕುಡಿಸಿ. ಬೇರೇನಾದರೂ ಇದ್ದರೆ ಸ್ಟ್ರಿಪ್ ಹಿಡಿದುಕೊಂಡು ಇವತ್ತೇ ಡಾಕ್ಟರ್ ಹತ್ತಿರ ಹೋಗಿ, ಅಲ್ಲಿವರೆಗೆ ಹಾಲು ಹಿಂಡಿ ತೆಗೆಯುತ್ತಿರಿ, ಕಟ್ಟಬಾರದು. ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಹಾಲು ಚೀಪದಿದ್ದರೆ, ಉಸಿರಲ್ಲಿ ವ್ಯತ್ಯಾಸ ಕಂಡರೆ ನೇರ ಆಸ್ಪತ್ರೆಗೆ ಓಡಿ. ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ನಮ್ಮವ್ವ ನಾನು ಹೇಳಿದ್ದನ್ನು ಕೇಳಲಿಲ್ಲ, ಡಾಕ್ಟರಮ್ಮ ಬೈದ ಮೇಲೆ ಕೇಳಿದಳು.