ಕಣ್ಕಟ್ಟಿನ ಚಿತ್ರದಲ್ಲಿ ಬರೆದವನು ಎಲ್ಲಿರುತ್ತಾನೆ?

ನೀವು ಕೇಳಿದ್ದು: ‘ವಸ್ತುವೇ ಎದುರಿಗಿದೆ ಅನ್ನಿಸುವ ಹಾಗೆ ಬರೆದರೆ ಚಿತ್ರಕಾರನೇ ಮಾಯವಾಗುತ್ತಾನೆ. ತನ್ನ ಗುರುತು ಉಳಿಯಲಿ ಅಂತ ಆಸೆ ಇರುವವನು ಹಾಗೆ ಯಾಕೆ ಬರೆಯಬೇಕು?’

ಮಾಯವಾಗುವುದಿಲ್ಲ. ನಾವು ಹತ್ತಿರ ಹೋಗಬೇಕು, ಅಷ್ಟೆ.

ನೆದರ್‌ಲೆಂಡ್ಸ್‌ನ ಹೇಗ್‌ನಲ್ಲಿ ಮೌರಿಟ್ಸ್‌ಹೌಸ್ ಅನ್ನುವ ಮ್ಯೂಸಿಯಂ ಇದೆ. ಅಲ್ಲಿ 33.5 ಸೆಂ.ಮೀ. ಎತ್ತರದ ಒಂದು ಚಿತ್ರ ನೋಡಿದೆ. ಹೆಸರಾಂತ ಡಚ್ ಚಿತ್ರಕಾರ ರೆಂಬ್ರಾಂಟ್ ಹತ್ತಿರ ಕಲಿತ ಕರೆಲ್ ಫಾಬ್ರಿಟಿಯಸ್ ಅದನ್ನು 1654ರಲ್ಲಿ ಬರೆದ. ಬೆಳ್ಳಗಿನ ಗೋಡೆ, ಅದಕ್ಕೆ ಹೊಡೆದ ಕಾಳಿನ ಡಬ್ಬಿ, ಕಂಬಿಯ ಮೇಲೆ ಒಂದು ಗೋಲ್ಡ್‌ಫಿಂಚ್ ಹಕ್ಕಿ. ಕಾಲಿಗೆ ತೆಳ್ಳಗಿನ ಸರಪಳಿ. ಆಗ ಈ ಹಕ್ಕಿಯನ್ನು ಸಾಕಿ, ಪುಟಾಣಿ ಬಕೆಟ್ಟಿನಲ್ಲಿ ನೀರು ಸೇದುವುದನ್ನು ಕಲಿಸುತ್ತಿದ್ದರು. ಡಚ್ಚಿನಲ್ಲಿ ಅದರ ಹೆಸರಿನ ಅರ್ಥವೂ ‘ನೀರು ಸೇದುವ ಪುಟಾಣಿ’ ಅಂತಲೇ.

ದೂರದಿಂದ ನೋಡಿದಾಗ ಗೋಡೆಯ ಮೇಲಿನ ನೆರಳು ನೋಡಿಯೇ ಮೋಸ ಹೋದೆ. ಹಕ್ಕಿ ಈಗ ಕತ್ತು ತಿರುಗಿಸುತ್ತೆ ಅನ್ನಿಸಿತು. ನಾಲ್ಕು ಹೆಜ್ಜೆ ಮುಂದೆ ಹೋದರೆ ಹಕ್ಕಿಯೇ ಇಲ್ಲ! ಬರೀ ಬ್ರಷ್ ಎಳೆದ ಗುರುತುಗಳು. ರೆಕ್ಕೆಯಲ್ಲಿ, ಬಣ್ಣ ಹಸಿಯಿದ್ದಾಗಲೇ ಬ್ರಷ್ಷಿನ ಹಿಡಿಯಿಂದ ಕೆರೆದ ಗೀರು.

ಆ ಗೀರು ನೋಡಿ ನನಗೆ ನಮ್ಮನೆ ಅಂಗಳ ನೆನಪಾಯಿತು. ಚಿಕ್ಕವನಿದ್ದಾಗ ಹಸಿ ಸಿಮೆಂಟಿನ ಮೇಲೆ ಕಡ್ಡಿಯಿಂದ ಹೆಸರು ಗೀಚಿದ್ದೆ. ಗಾರೆಯವರು ಕರಣೆ ಹಿಡಿದು ಬಂದರು. ಅಪ್ಪ ‘ಇರಲಿ ಬಿಡಿ’ ಅಂದರು. ಅದು ಇವತ್ತಿಗೂ ಇದೆ.

ಫಾಬ್ರಿಟಿಯಸ್ ಕೂಡ ಹೆಸರು, ಇಸವಿ ಎರಡನ್ನೂ ಆ ಬರೆದ ಗೋಡೆಯ ಮೇಲೇ ಹಾಕಿದ್ದಾನೆ. ಅದೇ ವರ್ಷ ಅಕ್ಟೋಬರ್ 12ರಂದು ಅವನಿದ್ದ ಡೆಲ್ಫ್ಟ್ ಊರಿನ ಸಿಡಿಮದ್ದಿನ ಉಗ್ರಾಣ ಸಿಡಿಯಿತು. ಅವನೂ ಸತ್ತ. ವಯಸ್ಸು 32. ಇವತ್ತು ಉಳಿದಿರುವುದು ಸುಮಾರು ಒಂದು ಡಜನ್ ಚಿತ್ರ.

ಕೈಯ ಗುರುತೆಲ್ಲ ಅಳಿಸಿ ನುಣ್ಣಗೆ ಮಾಡಿದ ಕಣ್ಕಟ್ಟಿನ ಚಿತ್ರಗಳನ್ನೂ ನೋಡಿದ್ದೇನೆ. ‘ಅಬ್ಬಾ’ ಅಂದು ಮುಂದೆ ಹೋಗುತ್ತೇನೆ. ಇದರ ಮುಂದೆ ಮಾತ್ರ ಜಾಸ್ತಿ ಹೊತ್ತು ನಿಂತೆ. ಈ ಹಕ್ಕಿಗೆ ಜೀವ ಬಂದಿರುವುದೇ ಆ ಅವಸರದ ಕೈಯಿಂದ ಅಲ್ವಾ?

ಫೋಟೋದಲ್ಲಿ ನೋಡುವುದಾದರೆ ರೆಕ್ಕೆಯ ಹಳದಿ ಪಟ್ಟೆಯನ್ನು ಆದಷ್ಟು ದೊಡ್ಡದು ಮಾಡಿ ನೋಡಿ. ಗೀರು ಇರುವುದು ಅಲ್ಲೇ.