ಸಂಪಾದಕರ ಉತ್ತರ: ಸಂಪಿಗೆ ರಸ್ತೆಯೂ ಅದರ ಹಿಂದಿನ ಓಣಿಯೂ

ಮಾನ್ಯರೇ,

ಹಳೆಯ ಬಡಾವಣೆಗಳ ಬಾಲ್ಯವನ್ನು ಕುರಿತು ನಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಲೇಖನಗಳ ಬಗ್ಗೆ ತಾವು ಬರೆದ ದೀರ್ಘ ಪತ್ರ ತಲುಪಿದೆ. 1960ರ ದಶಕದ ಮಲ್ಲೇಶ್ವರದಲ್ಲಿ ಬೆಳೆದ ತಮಗೆ, ಕಳೆದ ಸಂಚಿಕೆಯ ಲೇಖನವೊಂದರಲ್ಲಿ ಮನೆಗಳ ಹಿಂದಿನ ಓಣಿಯ ಮತ್ತು ಅಲ್ಲಿ ಮಲ ಹೊರುತ್ತಿದ್ದವರ ಪ್ರಸ್ತಾಪ ಬಂದದ್ದು ಬೇಸರ ತಂದಿದೆ. ‘ಸಂಪಿಗೆಯ ಕಂಪಿನ ಊರನ್ನು ಕಕ್ಕಸಿನ ಬಾಗಿಲಿನಿಂದ ತೋರಿಸುವ ಅಗತ್ಯವೇನಿತ್ತು? ಆಗ ಇಡೀ ಬೀದಿಯೇ ಒಂದು ಮನೆಯಂತಿತ್ತು, ಅದನ್ನು ಬರೆಸಿರಿ’ ಎಂದಿದ್ದೀರಿ. ಸ್ಥಳಾಭಾವದಿಂದ ತಮ್ಮ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕಲಾಗುತ್ತಿಲ್ಲ. ಆದರೆ ಈ ಆಕ್ಷೇಪ ತಮ್ಮೊಬ್ಬರದೇ ಅಲ್ಲವಾದ್ದರಿಂದ ಉತ್ತರವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಆಡುವಂತಹ ಬಡಾವಣೆಗಳು ಬೇಕೆಂದು ಮಲ್ಲೇಶ್ವರ ಮತ್ತು ಬಸವನಗುಡಿಗಳನ್ನು ಮೈಸೂರು ಸರ್ಕಾರ ಅವಸರದಿಂದ ಬೆಳೆಸಿತು. ನೇರವಾದ ಮುಖ್ಯರಸ್ತೆಗಳು, ಅವುಗಳನ್ನು ಅಡ್ಡ ಹಾಯುವ ಕ್ರಾಸ್‌ಗಳು, ಬೇವು ಮತ್ತು ಸಂಪಿಗೆಯ ಹೆಸರು ಹೊತ್ತ ಜೋಡಿ ರಸ್ತೆಗಳು, ಇವೆಲ್ಲ ಯಾವ ನಕಾಶೆಯಲ್ಲಿ ಇದ್ದವೋ ಅದೇ ನಕಾಶೆಯಲ್ಲಿ ಮನೆಗಳ ಬೆನ್ನುಗಳ ನಡುವೆ ಹಾದುಹೋಗುವ ಕಿರಿದಾದ ಓಣಿಗಳೂ ಇದ್ದವು. ಕನ್ಸರ್ವೆನ್ಸಿ ಲೇನ್ ಎಂದು ನಾವೆಲ್ಲ ಕರೆಯುತ್ತಿದ್ದುದು ಅವನ್ನೇ. ನೆಲದಡಿಯ ಒಳಚರಂಡಿ ಇಲ್ಲದ ಆ ಕಾಲದಲ್ಲಿ ಕಕ್ಕಸು ಹಿತ್ತಲಿನ ಕೊನೆಯಲ್ಲಿ, ಮನೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರದಲ್ಲಿ ಇರುತ್ತಿತ್ತು. ಅದರ ಗೋಡೆಯ ಬುಡದಲ್ಲಿ ಓಣಿಯ ಕಡೆಗೆ ತೆರೆಯುವ ಒಂದು ಗಿಡ್ಡ ಬಾಗಿಲು. ಅಲ್ಲಿಂದ ಬಕೆಟ್ಟು ಎಳೆದು, ಬಳಿದು, ತುಂಬಿಕೊಂಡು ಹೋಗುವವರು ಮನೆಯ ಯಾರ ಕಣ್ಣಿಗೂ ಬೀಳದೆ ಬಂದು ಹೋಗಬೇಕೆಂಬುದೇ ಆ ಓಣಿಯ ಉದ್ದೇಶ. ಮುಂಬಾಗಿಲಿಗೆ ರಂಗೋಲಿ ಬೀಳುವ ಹೊತ್ತಿಗೆ ಹಿಂಬದಿಯ ಕೆಲಸ ಮುಗಿದಿರಬೇಕಿತ್ತು. ಆದ್ದರಿಂದ ಸಂಪಿಗೆಯ ಕಂಪಿಗೆ ಯಾರೋ ಹೊರಗಿನಿಂದ ತಂದು ಬೆರೆಸಿದ ಕಹಿಯೆಂದು ಆ ಓಣಿಯನ್ನು ನೋಡಲು ನನ್ನಿಂದಾಗದು. ಅಗಲವಾದ ರಸ್ತೆಯ ಸುಖ ನಿಂತಿದ್ದೇ ಅದರ ಮೇಲೆ.

ಇದು ಅಜ್ಜಂದಿರ ಕಾಲದ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದವರು 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು, ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ಅಂದರೆ ತಾವು ಗೋಲಿ, ಬುಗುರಿ ಆಡುತ್ತಿದ್ದ ವರ್ಷಗಳಲ್ಲಿ ನಗರದ ಅನೇಕ ಮನೆಗಳ ಹಿಂದೆ ಆ ಗಿಡ್ಡ ಬಾಗಿಲು ತೆರೆಯುತ್ತಲೇ ಇತ್ತು. (ಈಗ ಮಲ್ಲೇಶ್ವರದ ಕೆಲವು ಓಣಿಗಳ ಗೋಡೆಗಳಿಗೆ ಬಣ್ಣದ ಚಿತ್ರ ಬರೆಸಿ, ನಡೆದಾಡಲು ಅನುವು ಮಾಡಿಕೊಟ್ಟಿದ್ದಾರೆ. ಒಳ್ಳೆಯ ಕೆಲಸವೇ, ಓಣಿ ಯಾತಕ್ಕಾಗಿ ಇತ್ತೆಂಬ ಒಂದು ಸಾಲನ್ನೂ ಅಲ್ಲಿ ಬರೆಸಿದ್ದರೆ ಇನ್ನೂ ಒಳ್ಳೆಯದಿತ್ತು.)

ಇನ್ನು ‘ಇಡೀ ಬೀದಿಯೇ ಒಂದು ಮನೆ’ ಎಂಬ ಮಾತು. ಚಾಮರಾಜಪೇಟೆಯ ವಠಾರವೊಂದರಲ್ಲಿ ಬೆಳೆದ ನನಗೆ ಅದು ಸುಳ್ಳೆಂದು ಹೇಳುವ ಧೈರ್ಯವಿಲ್ಲ. ಸಂಕ್ರಾಂತಿಯ ಎಳ್ಳು ಎಲ್ಲ ಮನೆಗಳಿಂದ ಎಲ್ಲ ಮನೆಗಳಿಗೂ ಹೋಗುತ್ತಿತ್ತು, ದಸರೆಯಲ್ಲಿ ಗೊಂಬೆ ಕೂರಿಸಿದವರ ಮನೆಗೆ ಯಾರೂ ಕರೆಯದಿದ್ದರೂ ಮಕ್ಕಳು ನುಗ್ಗಿ ಚರುಪು ಈಸಿಕೊಂಡು ಬರುತ್ತಿದ್ದರು, ಒಬ್ಬರ ಮನೆಯ ಬಾಣಂತನಕ್ಕೆ ಉಳಿದವರೆಲ್ಲ ಒದಗುತ್ತಿದ್ದರು. ಆದರೆ ಅದೇ ವಠಾರದ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ ಇತ್ತು. ಕಾವೇರಿ ನೀರು ನಗರಕ್ಕೆ ಬಂದದ್ದು 1974ರಲ್ಲಿ. ಅದಕ್ಕೆ ಮುಂಚೆ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಗಳ ನೀರಿನಲ್ಲಿಯೇ, 1961ರ ಜನಗಣತಿಯ ವೇಳೆಗೆ ಸುಮಾರು 12 ಲಕ್ಷ ಮುಟ್ಟಿದ್ದ ಜನ ನೀಸಬೇಕಿತ್ತು. ರಾತ್ರಿಯೇ ಕೊಡಗಳು ಸಾಲು ಹಿಡಿಯುತ್ತಿದ್ದವು, ಬೆಳಗಿನ ಜಾವ ಒಂದು ಕೊಡ ಹಿಂದಕ್ಕೋ ಮುಂದಕ್ಕೋ ಸರಿದಿದ್ದರೆ ಆಗುತ್ತಿದ್ದ ಜಗಳದಲ್ಲಿ ಮೂರು ತಲೆಮಾರಿನ ವಿಷಯಗಳು ಹೊರಬರುತ್ತಿದ್ದವು. ಮೂಲೆಮನೆಯ ಅಜ್ಜಿಯೊಬ್ಬರು ನಲ್ಲಿಯ ಬಾಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದ ಮೇಲೆಯೇ ತಮ್ಮ ಕೊಡ ಇಡುತ್ತಿದ್ದರು, ಅಷ್ಟಾದರೂ ಒಳಗೆ ಚರ್ಮದ ವಾಷರ್ ಇದೆಯೆಂಬ ಕಾರಣಕ್ಕೆ ಆ ನೀರನ್ನು ದೇವರ ಅಡುಗೆಗೆ ಮುಟ್ಟಿಸದೆ, ಬಾವಿಯಿಂದ ಸೇದಿ ತರುತ್ತಿದ್ದರು. ಮಕ್ಕಳಾದ ನಮಗೆ ಇದೆಲ್ಲ ತಮಾಷೆಯಾಗಿತ್ತು. ನಮ್ಮ ವಠಾರದ ಬಾಡಿಗೆದಾರರೆಲ್ಲರೂ ಒಂದೇ ಜಾತಿಯವರಾಗಿದ್ದರೆಂಬುದೂ, ಮನೆ ಕೇಳಿಕೊಂಡು ಬಂದವರ ಗೋತ್ರ ವಿಚಾರಿಸಿದ ಮೇಲೆಯೇ ಮಾಲೀಕರು ಬೀಗದ ಕೈ ತೆಗೆಯುತ್ತಿದ್ದರೆಂಬುದೂ ನನಗೆ ಹೊಳೆದದ್ದು ನಾನೇ ಬಾಡಿಗೆ ಮನೆ ಹುಡುಕಲು ಹೊರಟ ವಯಸ್ಸಿನಲ್ಲಿ. ಬೀದಿ ಒಂದು ಮನೆಯಂತಿದ್ದುದು ನಿಜ. ಆ ಮನೆಗೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು.

ತಾವು ಬರೆದಿರುವ ರೇಷನ್ ಅಂಗಡಿಯ ಸಾಲು, 1965–66ರ ಅಭಾವದಲ್ಲಿ ಅನ್ನ ಮುದ್ದೆಗಳ ಮನೆಗಳಿಗೆ ಬಂದಿಳಿದ ಅಮೆರಿಕದ ಗೋಧಿ, ವಾರಕ್ಕೊಂದು ಹೊತ್ತು ಊಟ ಬಿಡಿರೆಂಬ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಮಾತಿಗೆ ಓಗೊಟ್ಟು ಸೋಮವಾರ ಸಂಜೆ ಬಾಗಿಲು ಹಾಕುತ್ತಿದ್ದ ಹೋಟೆಲುಗಳು, ಇವುಗಳ ವಿಷಯದಲ್ಲಿ ನನ್ನ ತಕರಾರೇನೂ ಇಲ್ಲ. ಅವನ್ನು ಮುಂದಿನ ಸಂಚಿಕೆಯ ಓದುಗರ ಪುಟಕ್ಕೆ ಆಯ್ದುಕೊಂಡಿದ್ದೇನೆ.

ನಮಗೆ ಬರುವ ಬಾಲ್ಯದ ನೆನಪುಗಳಲ್ಲಿ ಬಹುಪಾಲು ಚಿನ್ನಿದಾಂಡು, ಐಸ್‌ಕ್ಯಾಂಡಿ, ಅಜ್ಜಿಯ ಕೈತುತ್ತುಗಳಲ್ಲಿಯೇ ಮುಗಿಯುತ್ತವೆ. ಅವು ಮಲ್ಲೇಶ್ವರದವೇ ಆಗಬೇಕಿಲ್ಲ, ದಾವಣಗೆರೆಯವೂ ಆಗಬಹುದು. ತಮ್ಮ ಪತ್ರ ಹಾಗಿಲ್ಲ. ಸೌದೆ ಡಿಪೋದಲ್ಲಿ ಹಸಿ ಸೌದೆ ತೂಗಿ ಕೊಟ್ಟಾಗ ತಮ್ಮ ತಾಯಿಯವರು ಒಂದೊಂದೇ ಕೊರಡನ್ನು ಕೈಯಲ್ಲಿ ಎತ್ತಿ ನೋಡಿ, ಭಾರವಾದದ್ದನ್ನು ತಕ್ಕಡಿಯಿಂದ ಇಳಿಸುತ್ತಿದ್ದರೆಂದು ಬರೆದಿದ್ದೀರಿ. ಅದನ್ನು ಓದಿದಾಗ ಆ ತಾಯಿಯೂ ಆ ಕಾಲವೂ ಒಟ್ಟಿಗೆ ಕಂಡವು. ಇನ್ನೊಂದು ಸಾಲನ್ನು ತಾವು ಪುಟದ ಅಂಚಿನಲ್ಲಿ ಬರೆದು, ಆಮೇಲೆ ಅರ್ಧ ಹೊಡೆದು ಹಾಕಿದ್ದೀರಿ. ಯುಗಾದಿಯ ದಿನ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಹೆಂಗಸಿಗೆ ಅಮ್ಮ ಒಬ್ಬಟ್ಟು ಕೊಡುತ್ತಿದ್ದರು ಎಂಬುದು ಆ ಸಾಲು.

ನನ್ನ ವಿನಂತಿಯಿಷ್ಟೇ, ಅದನ್ನು ಹೊಡೆದು ಹಾಕಬೇಡಿ. ಆಕೆಯನ್ನು ಮನೆಯವರು ಏನೆಂದು ಕರೆಯುತ್ತಿದ್ದರು, ಒಬ್ಬಟ್ಟನ್ನು ಕೈಗೇ ಕೊಡುತ್ತಿದ್ದರೋ ಎಲೆಯಲ್ಲಿಟ್ಟು ನೆಲದ ಮೇಲೆ ಇಡುತ್ತಿದ್ದರೋ, ಮಿಕ್ಕ ದಿನಗಳಲ್ಲಿ ಆಕೆಯ ಮುಖವನ್ನು ತಾವು ಕಂಡಿದ್ದಿರೋ ಇಲ್ಲವೋ, ನೆನಪಿದ್ದಷ್ಟನ್ನು ಬರೆದು ಕಳುಹಿಸಿ. ಉದ್ದವಾದರೂ ಚಿಂತೆಯಿಲ್ಲ, ಈ ಸಲ ಸ್ಥಳಾಭಾವದ ನೆಪ ಹೇಳುವುದಿಲ್ಲ.

— ಸಂಪಾದಕ